ಹೊಳೆ ಹೊಳೆಯುವುದರಿಂದ ಹೊಳೆಯೇ?

ಭದ್ರಾ ನದಿಯ ದಡದಲ್ಲಿರುವ ಹೊಳೆಹೊನ್ನೂರಿಗೆ ಒಂದು ಭಾನುವಾರ ನಮ್ಮ ಕಾಲೇಜಿನ ಹತ್ತು ಹನ್ನೆರಡು ವಿದ್ಯಾರ್ಥಿಗಳೊಡನೆ ಹೋಗಿದ್ದೆ. ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ಇರುವ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗುವುದನ್ನು ನೋಡಿಕೊಂಡು, ಹಿಂದಿರುಗುವ ದಾರಿಯಲ್ಲಿ ಹೊಳೆಯ ದಡದಲ್ಲಿ ಕುಳಿತೆವು. ಹೊತ್ತು ಇಳಿಯುತ್ತಿತ್ತು. ನೀರಿನ ಮೇಲೆ ಬೆಳಕಿನದೊಂದು ದಾರಿಯೇ ಬಿದ್ದಿತ್ತು. ಮಧ್ಯಾಹ್ನ ಅದೇ ನೀರು ಮಂಕಾಗಿ, ಹಸಿರು ಮಿಶ್ರಿತ ಬೂದುಬಣ್ಣವಾಗಿದ್ದುದನ್ನು ಎಲ್ಲರೂ ಕಂಡಿದ್ದರು. ಭೌತವಿಜ್ಞಾನದ ಅಧ್ಯಾಪಕನಿಗೆ ಇಂತಹ ಸಂದರ್ಭದಲ್ಲಿ ಬಾಯಿ ಮುಚ್ಚಿಕೊಂಡಿರುವುದು ಕಷ್ಟ.

ನೀರಿನ ವಕ್ರೀಭವನ ಸೂಚ್ಯಂಕ 1.33. ಅದರ ಮೇಲೆ ಲಂಬವಾಗಿ ಬಿದ್ದ ಬೆಳಕಿನಲ್ಲಿ ಶೇಕಡ 2ರಷ್ಟು ಮಾತ್ರ ಪ್ರತಿಫಲನವಾಗುತ್ತದೆ. ಉಳಿದುದು ನೀರಿನೊಳಕ್ಕೆ ಇಳಿದುಹೋಗುತ್ತದೆ. ಸೂರ್ಯನು ದಿಗಂತದಿಂದ 10 ಡಿಗ್ರಿಗಳಷ್ಟೇ ಮೇಲಿರುವಾಗ, ಓರೆಯಾಗಿ ಬಿದ್ದ ಆ ಬೆಳಕಿನಲ್ಲಿ ಸುಮಾರು ಶೇಕಡ 35 ಭಾಗ ಹಿಂದಿರುಗಿ ನಮ್ಮ ಕಣ್ಣನ್ನು ಸೇರುತ್ತದೆ. ನೀರಿನ ಮೇಲಿನ ಪ್ರತಿಯೊಂದು ಸಣ್ಣ ಅಲೆಯ ಓರೆಯೂ ಒಂದೊಂದು ಕನ್ನಡಿಯ ಚೂರಿನಂತೆ ವರ್ತಿಸುವುದರಿಂದ ಬೆಳಕು ಒಂದೆಡೆ ನಿಲ್ಲದೆ, ಉದ್ದವಾದ ಪಟ್ಟೆಯಾಗಿ ಮಿನುಗುತ್ತದೆ. ಇಷ್ಟನ್ನು ವಿವರಿಸಿ ನಿಲ್ಲಿಸಿದ್ದರೆ ಸರಿಯಾಗುತ್ತಿತ್ತು. ಉತ್ಸಾಹದಲ್ಲಿ ನಾನು ಇನ್ನೊಂದು ಮಾತನ್ನು ಸೇರಿಸಿದೆ: “ನಮ್ಮ ಹಿರಿಯರು ಸುಮ್ಮನೆ ಹೆಸರಿಟ್ಟವರಲ್ಲ. ಹೊಳೆಯುವುದರಿಂದಲೇ ಇದು ಹೊಳೆ.”

ಎಲ್ಲರೂ ತಲೆದೂಗಿದರು. ಭದ್ರಾವತಿಯಿಂದ ಬರುವ ಒಬ್ಬ ಹುಡುಗ ಮಾತ್ರ ತಲೆದೂಗಲಿಲ್ಲ. 1923ರಲ್ಲಿ ಕೆಲಸ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಕಾರಣದಿಂದ ಭದ್ರಾವತಿಯಲ್ಲಿ ತಮಿಳು, ಮಲಯಾಳ, ತೆಲುಗು ಮನೆಮಾತಿನ ಸಂಸಾರಗಳು ತಲೆಮಾರುಗಳಿಂದ ನೆಲೆಸಿವೆ. ಈ ಹುಡುಗನ ಮನೆಮಾತು ಮಲಯಾಳ. ಅವನು ಸಂಕೋಚದಿಂದಲೇ ಕೇಳಿದ: “ಸಾರ್, ನಮ್ಮ ಮನೆಯಲ್ಲಿ ಹೊಳೆಗೆ ಪುೞ ಎನ್ನುತ್ತೇವೆ. ಹೊಳೆಯುವುದಕ್ಕೆ ತಿಳಙ್ಙುಕ ಎನ್ನುತ್ತೇವೆ. ಎರಡಕ್ಕೂ ಸಂಬಂಧವೇ ಇಲ್ಲ. ಪುೞವೂ ಹೊಳೆಯೂ ಒಂದೇ ಮಾತು ಅನ್ನಿಸುತ್ತದೆ. ಹಾಗಾದರೆ ನಿಮ್ಮ ವಿವರಣೆ ಹೇಗೆ ಸರಿಯಾಗುತ್ತದೆ?”

ನನ್ನಲ್ಲಿ ಉತ್ತರವಿರಲಿಲ್ಲ. ನೋಡಿ ಹೇಳುತ್ತೇನೆ ಎಂದೆ. ನೋಡಿದ ಮೇಲೆ ತಿಳಿದುದು ಇದು: ಹುಡುಗನು ಹೇಳಿದುದು ಸರಿ, ನಾನು ಹೇಳಿದುದು ತಪ್ಪು. ಆ ತಪ್ಪು ಎಂತಹ ತಪ್ಪು, ಅದನ್ನು ಕಂಡುಹಿಡಿಯುವ ಮಾರ್ಗವಾವುದು ಎಂಬುದು ವಿಜ್ಞಾನವನ್ನು ಓದುವವರಿಗೂ ಸ್ವಾರಸ್ಯವಾದ ವಿಷಯವಾದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಪ್ರಯೋಗಶಾಲೆಯಲ್ಲಿ ಸೋಡಿಯಂ ದೀಪದ ಬೆಳಕನ್ನು ಸಾಧಾರಣವಾದ ಪಟ್ಟಕದ ಮೂಲಕ ನೋಡಿದವರಿಗೆ ಒಂದು ಹಳದಿ ರೇಖೆ ಕಾಣುತ್ತದೆ. ಒಳ್ಳೆಯ ಉಪಕರಣದಲ್ಲಿ ನೋಡಿದರೆ ಅದು ಒಂದು ರೇಖೆಯಲ್ಲ, ಎರಡು: ಒಂದರ ತರಂಗಾಂತರ 589.0 ನ್ಯಾನೋಮೀಟರು, ಇನ್ನೊಂದರದು 589.6. ಅವೆರಡೂ ಮೊದಲಿನಿಂದಲೂ ಬೇರೆ ಬೇರೆಯಾಗಿಯೇ ಇದ್ದುವು. ನಮ್ಮ ಉಪಕರಣಕ್ಕೆ ಬೇರ್ಪಡಿಸುವ ಶಕ್ತಿಯಿರಲಿಲ್ಲ, ಅಷ್ಟೆ. ಇಂದಿನ ಕನ್ನಡದ ‘ಹೊಳೆ’ ಎಂಬ ಎರಡಕ್ಷರದ ಮಾತೂ ಹಾಗೆಯೇ. ನದಿ ಎಂಬ ಅರ್ಥದ ನಾಮಪದವೊಂದು, ಪ್ರಕಾಶಿಸು ಎಂಬ ಅರ್ಥದ ಕ್ರಿಯಾಪದವೊಂದು. ಇಂದಿನ ಕಿವಿಗೂ ಇಂದಿನ ಬರವಣಿಗೆಗೂ ಎರಡೂ ಒಂದೇ. ಹಳಗನ್ನಡದಲ್ಲಿ ಹಾಗಲ್ಲ. ಅಲ್ಲಿ ನದಿಯು ‘ಪೊೞೆ’, ಪ್ರಕಾಶಿಸುವುದು ‘ಪೊಳೆ’. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿಯೂ ಇವು ಬೇರೆ ಬೇರೆ ಮಾತುಗಳು. ಪಂಪನ ಕಾಲದ ಕನ್ನಡಿಗನೊಬ್ಬನು ಇವೆರಡನ್ನೂ ಒಂದೆಂದು ಭಾವಿಸುವ ಸಂಭವ, ನಾವು ‘ಬಲೆ’ಯನ್ನೂ ‘ಬಳೆ’ಯನ್ನೂ ಒಂದೆಂದು ಭಾವಿಸುವಷ್ಟೇ ಕಡಮೆ.

‘ಹೊಳಪು’ ಎಂಬುದು ಪ್ರಕಾಶಿಸುವ ಹೊಳೆಯ ಮಗು. “ಒಂದು ಉಪಾಯ ಹೊಳೆಯಿತು” ಎನ್ನುವಾಗಲೂ ಇದೇ ಮಾತು. ಮನಸ್ಸಿನಲ್ಲಿ ಬೆಳಕು ಮಿಂಚಿದಂತಾಯಿತು ಎಂದು ಭಾವ. ಹೊಳೆಹೊನ್ನೂರು, ಹೇಮಾವತಿಯ ದಡದ ಹೊಳೆನರಸೀಪುರ, ಇವುಗಳಲ್ಲಿರುವುದಾದರೋ ನೀರಿನ ಹೊಳೆ.

ಈ ‘ೞ’ ಎಂಬ ಅಕ್ಷರವನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿರಲಾರರು. ಆದುದರಿಂದ ಅದರ ವಿಚಾರವಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ನಾಲಗೆಯನ್ನು ಹಿಂದಕ್ಕೆ ಮಡಿಸಿ, ಅಂಗುಳಿಗೆ ತಾಗಿಸದೆ, ರಕಾರವೋ ಳಕಾರವೋ ಎಂದು ಸಂಶಯ ಬರುವಂತೆ ಉಚ್ಚರಿಸುವ ಧ್ವನಿ ಅದು. ತಮಿಳರಲ್ಲಿಯೂ ಮಲಯಾಳಿಗಳಲ್ಲಿಯೂ ಈಗಲೂ ಜೀವಂತವಾಗಿದೆ. ತಮಿಳಿನ ಹೆಸರಿನ ಕೊನೆಯಲ್ಲಿಯೇ ಅದು ಇದೆ. ನಾವು ‘ತಮಿಳು’ ಎಂದು ಬರೆಯುವುದು ನಮ್ಮಲ್ಲಿ ಆ ಧ್ವನಿ ಅಳಿದುಹೋದ ಮೇಲಿನ ರೂಢಿ. ರೋಮನ್ ಲಿಪಿಯಲ್ಲಿ ಅದನ್ನು ‘ಝೆಡ್’ ‘ಹೆಚ್’ ಎಂಬ ಎರಡು ಅಕ್ಷರಗಳಿಂದ ಸೂಚಿಸುವುದರಿಂದ, ರೈಲ್ವೆ ನಿಲ್ದಾಣದ ಫಲಕವನ್ನು ಓದಿದ ನಮ್ಮವರು ‘ಆಲಪ್ಪುಝ’ ಎಂದು ಹೇಳಿ ಕೇರಳದವರನ್ನು ನಗಿಸುವುದುಂಟು. ನಮ್ಮ ಪತ್ರಿಕೆಗಳು ಮುದ್ರಿಸುವ ‘ಆಲಪ್ಪುಳ’ವೇ ಹೆಚ್ಚು ಸಮೀಪ. ಆ ಹೆಸರಿನ ಕೊನೆಯ ಭಾಗ ಇದೇ ಪುೞ. ಮೂರು ಹೊಳೆಗಳು ಕೂಡುವ ಊರು ಮೂವಾಟ್ಟುಪುೞ, ಎಂದರೆ ಕೇರಳದವರ ಕೂಡಲಿ.

ಕನ್ನಡದಲ್ಲಿ ಈ ಅಕ್ಷರ ಬಲು ಹಿಂದಿನಿಂದ ಇತ್ತು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ. ಶ. 450ರದೆಂದು ಎಣಿಸಲಾಗಿರುವ ಶಾಸನದಲ್ಲಿ ‘ಬಾಳ್ಗೞ್ಚು’ ಎಂಬ ಮಾತು ಬರುತ್ತದೆ. ಬಾಳ್ ಎಂದರೆ ಕತ್ತಿ. ಕೞ್ಚು ಎಂದರೆ ತೊಳೆ. ಯುದ್ಧದಲ್ಲಿ ಪರಾಕ್ರಮ ತೋರಿದವನ ಕತ್ತಿಯನ್ನು ತೊಳೆದು ಕೊಡುವ ದತ್ತಿಗೆ ಅದು ಹೆಸರು. ಆ ಒಂದೇ ಮಾತಿನಲ್ಲಿ ಳಕಾರವೂ ೞಕಾರವೂ ಒಂದರ ಪಕ್ಕದಲ್ಲೊಂದು ಕುಳಿತಿರುವುದನ್ನು ಗಮನಿಸಬೇಕು. ಬರೆದವನಿಗೆ ಅವು ಒಂದೇ ಧ್ವನಿಯಾಗಿದ್ದರೆ ಎರಡು ಗುರುತುಗಳು ಅವನಿಗೆ ಏತಕ್ಕೆ ಬೇಕಾಗಿತ್ತು?

ಅಲ್ಲಿಯೇ ಇನ್ನೊಂದು ಅವಳಿ ಜೋಡಿಯೂ ಸಿಕ್ಕುತ್ತದೆ. ಕತ್ತಿಯ ‘ಬಾಳ್’ ಬೇರೆ, ಜೀವಿಸುವ ‘ಬಾೞ್’ ಬೇರೆ. ತಮಿಳಿನಲ್ಲಿ ಇಂದಿಗೂ ಒಂದು ‘ವಾಳ್’, ಇನ್ನೊಂದು ‘ವಾೞ್’. ಕತ್ತಿಯಿಂದ ಬಾಳಿದವರಾದುದರಿಂದ ನಮ್ಮವರು ಬದುಕಿಗೆ ಬಾಳು ಎಂದರು ಎಂದು ಯಾರಾದರೂ ವೀರಾವೇಶದಿಂದ ಹೇಳಿದರೆ ಕೇಳುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಅದೂ ನನ್ನ ಹೊಳೆಯ ವಿವರಣೆಯ ಜಾತಿಗೇ ಸೇರಿದ್ದು. ‘ಆಳು’ ಎಂಬ ಮನುಷ್ಯನಿಗೂ ‘ಆೞ’ವಾದ ಬಾವಿಗೂ, ‘ಎಳೆ’ಯ ಮಗುವಿಗೂ ಗಾಡಿಯನ್ನು ‘ಎೞೆ’ಯುವ ಎತ್ತಿಗೂ ಇದೇ ರೀತಿಯಾಗಿ ಸಂಬಂಧವಿಲ್ಲ.

ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಮೂರು ಬಗೆಯ ಳಕಾರಗಳನ್ನು ಹೇಳುತ್ತಾನೆ. ದೇಶ್ಯ ಶಬ್ದಗಳ ಸಹಜವಾದ ಳಕಾರ ಕುಳ. ಸಂಸ್ಕೃತದ ಲಕಾರಕ್ಕೆ ಬದಲಾಗಿ ಬಂದದ್ದು ಕ್ಷಳ. ರಕಾರದ ಛಾಯೆಯುಳ್ಳ ೞಕಾರವೇ ರಳ. ನಾಶವಾಗು ಎಂಬ ‘ಅೞಿ’ಯಲ್ಲಿರುವುದು ರಳ, ದುಂಬಿ ಎಂಬ ಅರ್ಥದ ‘ಅಳಿ’ಯಲ್ಲಿರುವುದು ಸಂಸ್ಕೃತದ ‘ಅಲಿ’ಯಿಂದ ಬಂದ ಕ್ಷಳ. ರಳವಿರುವ ಮಾತುಗಳನ್ನು ಕೇಶಿರಾಜನು ಪಟ್ಟಿ ಮಾಡಿಯೇ ಕೊಟ್ಟಿದ್ದಾನೆ. ಪಟ್ಟಿ ಬೇಕಾಯಿತೆಂದರೆ ಅವನ ಕಾಲಕ್ಕಾಗಲೇ ಜನರಲ್ಲಿ ಗೊಂದಲ ಹುಟ್ಟಿತ್ತೆಂದು ಅರ್ಥ. ಯಾರೂ ತಪ್ಪದ ಕಡೆ ವ್ಯಾಕರಣಕಾರನು ಎಚ್ಚರಿಕೆಯ ಫಲಕವನ್ನು ನೆಡುವುದಿಲ್ಲ. ಕ್ರಮೇಣ ೞಕಾರ ಅಳಿಯಿತು. ಸ್ವರಗಳ ನಡುವೆ ಅದು ಳಕಾರವಾಯಿತು. ವ್ಯಂಜನದ ಹಿಂದೆ ಮೊದಲು ರಕಾರವಾಗಿ, ಅನಂತರ ಆ ವ್ಯಂಜನದಲ್ಲಿಯೇ ಕರಗಿತು. ‘ಪೊೞ್ತು’ ಎಂಬುದು ಪೊರ್ತು ಆಗಿ ಹೊತ್ತು ಆದದ್ದು, ‘ಕೞ್ತೆ’ಯು ಕರ್ತೆಯಾಗಿ ಕತ್ತೆಯಾದದ್ದು ಹೀಗೆ. ತಮಿಳರ ಕತ್ತೆ ಇಂದಿಗೂ ‘ಕೞುದೈ’.

ಇಲ್ಲಿ ಓದುಗರಲ್ಲಿ ಯಾರಾದರೂ ಆಕ್ಷೇಪಿಸಬಹುದು: “ಪುೞ, ಹೊಳೆ ಎಂಬ ಎರಡು ಮಾತುಗಳಲ್ಲಿ ಮೊದಲ ವ್ಯಂಜನ ಬೇರೆ, ಮೊದಲ ಸ್ವರ ಬೇರೆ, ಕೊನೆಯ ಸ್ವರವೂ ಬೇರೆ. ಒಂದೇ ರೂಪದ ಎರಡು ಹೊಳೆಗಳನ್ನು ಬೇರೆ ಎಂದಿರಿ. ಇಷ್ಟೊಂದು ವ್ಯತ್ಯಾಸವುಳ್ಳ ಪುೞವನ್ನೂ ಹೊಳೆಯನ್ನೂ ಒಂದೆನ್ನುತ್ತೀರಿ. ಇದಾವ ನ್ಯಾಯ?” ಆಕ್ಷೇಪ ಯೋಗ್ಯವಾದದ್ದೇ. ಉತ್ತರವೆಂದರೆ, ಭಾಷಾವಿಜ್ಞಾನದಲ್ಲಿ ಸಾದೃಶ್ಯಕ್ಕೆ ಬೆಲೆಯಿಲ್ಲ, ನಿಯಮಕ್ಕೆ ಬೆಲೆ. ವ್ಯತ್ಯಾಸವೊಂದು ಒಂದೇ ಕಡೆ ಕಂಡರೆ ಅದು ಆಕಸ್ಮಿಕ; ಮಾತುಮಾತಿನಲ್ಲಿಯೂ ಅದೇ ರೀತಿ ಕಂಡರೆ ಅದು ನಿಯಮ.

ಮೊದಲಿಗೆ ಪಕಾರವನ್ನು ನೋಡೋಣ. ಹಳಗನ್ನಡದ ಪಾಲ್, ಪೂ, ಪತ್ತು, ಪುಲಿ ಇವು ಇಂದು ಹಾಲು, ಹೂ, ಹತ್ತು, ಹುಲಿ. ಮಾತಿನ ಮೊದಲಲ್ಲಿದ್ದ ದೇಶ್ಯ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಗಿ ತಿರುಗಿತು. ತಮಿಳು ಮಲಯಾಳಗಳು ಪಕಾರವನ್ನೇ ಉಳಿಸಿಕೊಂಡುವು. ಇನ್ನು ಸ್ವರಗಳು. ಮಲಯಾಳದ ‘ಪುಗ’ ನಮ್ಮ ಹೊಗೆ; ಅವರ ‘ಕುಡ’ ನಮ್ಮ ಕೊಡೆ. ಅವರ ಮೊದಲಕ್ಷರದ ಉಕಾರ ನಮ್ಮಲ್ಲಿ ಒಕಾರವಾಗಿದೆ. ಅವರ ಕೊನೆಯ ಅಕಾರ ನಮ್ಮಲ್ಲಿ ಎಕಾರವಾಗಿದೆ. ಅವರ ‘ಮಲ’ ನಮ್ಮ ಮಲೆ. ಈಗ ‘ಪುೞ’ವನ್ನು ಇದೇ ಅಚ್ಚಿನಲ್ಲಿ ಹಾಕಿ ತೆಗೆಯಿರಿ. ಪಕಾರ ಹಕಾರವಾಗಬೇಕು, ಉಕಾರ ಒಕಾರವಾಗಬೇಕು, ೞಕಾರ ಳಕಾರವಾಗಬೇಕು, ಕೊನೆಯ ಅಕಾರ ಎಕಾರವಾಗಬೇಕು. ಉತ್ತರ: ಹೊಳೆ. ನಾಲ್ಕು ಧ್ವನಿಗಳಲ್ಲಿ ಒಂದೂ ನಿಯಮವನ್ನು ತಪ್ಪಿಲ್ಲ. ನಾಲ್ಕರಲ್ಲಿಯೂ ವ್ಯತ್ಯಾಸವಿದೆಯೆಂಬುದೇ ಇಲ್ಲಿ ಸಾಕ್ಷ್ಯದ ಬಲ.

ಕಾಸರಗೋಡಿನಲ್ಲಿ ಈ ಎರಡು ಮಾತುಗಳೂ ಒಂದೇ ನೀರಿನ ಮೇಲೆ ತೇಲುತ್ತಿವೆ. ಕನ್ನಡಿಗರು ಪಯಸ್ವಿನಿ ಹೊಳೆ ಎನ್ನುವ ನದಿಯನ್ನೇ ಕೆಳಗಿನ ಭಾಗದಲ್ಲಿ ಮಲಯಾಳಿಗಳು ಚಂದ್ರಗಿರಿ ಪುೞ ಎನ್ನುತ್ತಾರೆ.

ತಮಿಳಿಗೆ ಹೋದರೆ ಕಥೆ ಸ್ವಲ್ಪ ತಿರುಗುತ್ತದೆ. ಅಲ್ಲಿ ‘ಪುೞೈ’ ಎಂದರೆ ಕೊಳವೆ, ರಂಧ್ರ, ಇಕ್ಕಟ್ಟಾದ ದಾರಿ. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ವ್ಯುತ್ಪತ್ತಿಕೋಶ ಇಂತಹ ಬಂಧುಶಬ್ದಗಳನ್ನು ಒಂದೆಡೆ ಜೋಡಿಸಿಕೊಡುತ್ತದೆ. ನೀರು ಹರಿಯುವ ಕಾಲುವೆಗೂ ಟೊಳ್ಳಾದ ಕೊಳವೆಗೂ ನಡುವೆ ಅರ್ಥದ ಸೇತುವೆಯನ್ನು ಕಟ್ಟುವುದು ಕಷ್ಟವಲ್ಲ. ಇನ್ನೂ ಸ್ಪಷ್ಟವಾದ ಉದಾಹರಣೆ ‘ತೊರೆ’. ಹಳಗನ್ನಡದಲ್ಲಿ ‘ತೊಱೆ’, ತಮಿಳಿನಲ್ಲಿ ‘ತುಱೈ’. ನಮಗೆ ಅದು ಹರಿಯುವ ನೀರು. ಅವರಿಗೆ ನೀರಿಗಿಳಿಯುವ ಘಟ್ಟ, ಹಡಗು ನಿಲ್ಲುವ ತಾಣ. ಬೇರು ಒಂದೇ. ಒಬ್ಬರು ನೀರನ್ನು ನೋಡಿದರು, ಇನ್ನೊಬ್ಬರು ದಡವನ್ನು.

ಹೀಗೆ ಒಂದೇ ಬೇರಿನ ಮಾತು ಬೇರೆ ಬೇರೆ ಅರ್ಥಗಳಿಗೆ ಕವಲೊಡೆಯುವುದಕ್ಕೆ ಯುರೋಪಿನಲ್ಲಿ ‘ಗಿಫ್ಟ್’ ಎಂಬ ಚಿಕ್ಕ ಮಾತು ಪ್ರಸಿದ್ಧವಾದ ನಿದರ್ಶನ. ಇಂಗ್ಲಿಷಿನಲ್ಲಿ ಅದು ಉಡುಗೊರೆ; ಜರ್ಮನಿನಲ್ಲಿ ವಿಷ; ಸ್ವೀಡಿಷಿನಲ್ಲಿ ವಿಷವೂ ಹೌದು, ‘ಮದುವೆಯಾದ’ ಎಂಬುದೂ ಹೌದು. ಮೂರಕ್ಕೂ ಮೂಲ ‘ಕೊಡು’ ಎಂಬ ಧಾತು. ಜರ್ಮನಿನಲ್ಲಿ ವರದಕ್ಷಿಣೆಗೆ ‘ಮಿಟ್‌ಗಿಫ್ಟ್’ ಎನ್ನುವಲ್ಲಿ ಹಳೆಯ ಅರ್ಥ ಇನ್ನೂ ಉಳಿದಿದೆ. ಕೊಟ್ಟದ್ದು ಹೇಗೆ ವಿಷವಾಯಿತು ಎಂದು ಆಶ್ಚರ್ಯಪಡಬೇಕಾಗಿಲ್ಲ: ಔಷಧವನ್ನು ‘ಕೊಟ್ಟ ಪ್ರಮಾಣ’ಕ್ಕೆ ಗ್ರೀಕರು ‘ಡೋಸಿಸ್’ ಎನ್ನುತ್ತಿದ್ದರು, ಅದಕ್ಕೂ ‘ಕೊಡುವಿಕೆ’ ಎಂದೇ ಅರ್ಥ, ಇಂಗ್ಲಿಷಿನ ‘ಡೋಸ್’ ಅಲ್ಲಿಂದ ಬಂದದ್ದು. ವಿಷ ಎಂಬ ಹೆಸರನ್ನು ಬಾಯಿಬಿಟ್ಟು ಹೇಳಲಾರದೆ ‘ಕೊಟ್ಟದ್ದು’ ಎಂದರು. ಮದುವೆಯ ಅರ್ಥವಂತೂ ನಮಗೆ ವಿವರಣೆಯಿಲ್ಲದೆಯೇ ತಿಳಿಯುತ್ತದೆ, “ಮಗಳನ್ನು ಯಾವ ಊರಿಗೆ ಕೊಟ್ಟಿದ್ದೀರಿ?” ಎಂದು ನಾವೂ ಕೇಳುತ್ತೇವಲ್ಲವೆ?

ಇದಕ್ಕೆ ವಿರುದ್ಧವಾದ ಮೋಸವೂ ಅಲ್ಲಿದೆ. ‘ಹೊಂದಿರು’ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ‘ಹಬೇರೆ’, ಜರ್ಮನಿನಲ್ಲಿ ‘ಹಾಬೆನ್’, ಇಂಗ್ಲಿಷಿನಲ್ಲಿ ‘ಹ್ಯಾವ್’. ರೂಪವೂ ಒಂದೇ, ಅರ್ಥವೂ ಒಂದೇ. ಸಂಬಂಧವನ್ನು ಯಾರು ತಾನೆ ಅಲ್ಲಗಳೆದಾರು? ಆದರೆ ಮಕ್ಕಳ ಕಥೆಗಳಿಂದ ಹೆಸರಾದ ಗ್ರಿಮ್ ಸಹೋದರರಲ್ಲಿ ಹಿರಿಯನಾದ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ನಿಯಮದ ಪ್ರಕಾರ, ಲ್ಯಾಟಿನ್ನಿನ ಕಕಾರ ಇರುವಲ್ಲಿ ಇಂಗ್ಲಿಷು ಜರ್ಮನುಗಳಲ್ಲಿ ಹಕಾರವಿರಬೇಕು. ಲ್ಯಾಟಿನ್ನಿನ ‘ಕೊರ್ನು’ ಇಂಗ್ಲಿಷಿನ ‘ಹಾರ್ನ್’, ಎಂದರೆ ಕೊಂಬು; ‘ಕೆಂಟುಮ್’ ಎಂಬ ನೂರು ಇಂಗ್ಲಿಷಿನ ‘ಹಂಡ್ರೆಡ್’. ಹಾಗಿರುವಾಗ ‘ಹ್ಯಾವ್’ನ ಲ್ಯಾಟಿನ್ ಬಂಧುವಿನಲ್ಲಿ ಕಕಾರವೇ ಇರಬೇಕು. ಇದೆ: ‘ಕಪೆರೆ’, ಹಿಡಿದುಕೊಳ್ಳು. ‘ಹಬೇರೆ’ಯು ಆ ಮನೆತನಕ್ಕೆ ಸೇರಿದ್ದೇ ಅಲ್ಲ. ನಮ್ಮ ದೇಶದ ಮಾತುಗಳಲ್ಲಿ ಇಂತಹ ಶೋಧನೆಗೆ ಆರಂಭ ತಡವಾಗಿ ಆಗಲಿಲ್ಲ. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದುವಲ್ಲ, ತಮ್ಮದೇ ಒಂದು ಕುಟುಂಬವೆಂದು ಮದರಾಸಿನಲ್ಲಿದ್ದ ಎಲ್ಲಿಸ್ ಎಂಬ ಅಧಿಕಾರಿ 1816ರಲ್ಲಿಯೇ ತೋರಿಸಿದ್ದನು.

ನಮ್ಮ ಹೊಳೆಗೂ ಯುರೋಪಿನಲ್ಲಿ ಸುಳ್ಳು ನೆಂಟರಿದ್ದಾರೆ. ಹೊಳೆಹೊನ್ನೂರಿನ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ ಮೊದಲ ನಾಲ್ಕು ಅಕ್ಷರಗಳು ಇಂಗ್ಲಿಷಿನ ‘ಹೋಲ್’, ಎಂದರೆ ರಂಧ್ರ. ಜರ್ಮನಿನಲ್ಲಿ ‘ಹ್ಯೋಲೆ’ ಎಂದರೆ ಗುಹೆ. ಉಚ್ಚಾರ ಇನ್ನೂ ಹತ್ತಿರ. ತಮಿಳಿನ ‘ಪುೞೈ’ಗೆ ರಂಧ್ರವೆಂಬ ಅರ್ಥವಿದೆಯೆಂದು ಮೇಲೆ ಹೇಳಿದುದನ್ನು ಓದುಗರು ಮರೆತಿರಲಾರರು. ಹಾಗಾದರೆ ಥೇಮ್ಸ್ ನದಿಯಿಂದ ಭದ್ರೆಯವರೆಗೆ ಒಂದೇ ಮಾತು ಹಬ್ಬಿದೆಯೆಂದು ಪುಸ್ತಕವನ್ನೇ ಬರೆದುಬಿಡಬಹುದಲ್ಲವೆ? ಬರೆಯುವ ಧೈರ್ಯಶಾಲಿಗಳೂ ಇಲ್ಲದಿಲ್ಲ. ಆದರೆ ಇಂಗ್ಲಿಷು ಜರ್ಮನುಗಳ ಹಕಾರದ ಹಿಂದೆ ನಿಂತಿರುವುದು ಕಕಾರ. ನಮ್ಮ ಹಕಾರದ ಹಿಂದೆ ನಿಂತಿರುವುದು ಪಕಾರ. ಹಿಂದಕ್ಕೆ ಹೋದಷ್ಟೂ ಎರಡು ಮಾತುಗಳೂ ಹತ್ತಿರವಾಗುವ ಬದಲು ದೂರವಾಗುತ್ತವೆ. ನಿಜವಾದ ಬಂಧುಗಳು ಹಿಂದೆ ಹೋದಂತೆ ಹತ್ತಿರವಾಗಬೇಕು. ನನ್ನ ಎರಡು ಹೊಳೆಗಳನ್ನೂ ಇದೇ ಪರೀಕ್ಷೆಗೆ ಒಡ್ಡಿದ್ದರೆ ಆ ಸಂಜೆ ನಾನು ಎಡವುತ್ತಿರಲಿಲ್ಲ. ಇಂದು ಅವು ಒಂದೇ ರೂಪ. ಸಾವಿರ ವರ್ಷ ಹಿಂದೆ ಹೋದರೆ ಎರಡು.

ೞಕಾರದ ಜೊತೆಗೆ ನಾವು ಕಳೆದುಕೊಂಡ ಇನ್ನೊಂದು ಅಕ್ಷರ ಶಕಟರೇಫವೆಂಬ ‘ಱ’. ಅದರಿಂದಲೂ ಇಂತಹ ಗೊಂದಲಗಳಾಗಿವೆ. ಹೊಳೆ ಹರಿಯುತ್ತದೆ, ಬಟ್ಟೆ ಹರಿಯುತ್ತದೆ. ಮೊದಲನೆಯದು ಹಳಗನ್ನಡದ ‘ಪರಿ’, ಎರಡನೆಯದು ‘ಪಱಿ’. ಭದ್ರೆಯ ನೀರು ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಹೊನ್ನಾಳಿಯನ್ನು ದಾಟಿ ಹರಿಹರವನ್ನು ಮುಟ್ಟುತ್ತದೆ. ಆ ಊರಿನ ಹೆಸರಿನ ‘ಹರಿ’ ಸಂಸ್ಕೃತದಿಂದ ಬಂದ ಮೂರನೆಯದು. ಹರಿಹರದ ಹತ್ತಿರ ಹೊಳೆ ಹರಿಯುವಾಗ ದೋಣಿಯ ಹಾಯಿ ಹರಿಯಿತು ಎಂದರೆ ಮೂರು ಹರಿಗಳೂ ಒಂದೇ ವಾಕ್ಯದಲ್ಲಿ ಬಂದುವು.

ಅಕ್ಷರವನ್ನು ಬಿಟ್ಟುದರಿಂದ ನಷ್ಟವಾಯಿತೇ ಎಂದು ಕೇಳಿದರೆ, ಮಾತನಾಡುವವರಿಗೆ ಏನೂ ನಷ್ಟವಿಲ್ಲ ಎನ್ನಬೇಕು; ಹೊಳೆಯಲ್ಲಿ ಸ್ನಾನಮಾಡುವವನಿಗೆ ಸಂದರ್ಭವೇ ಅರ್ಥವನ್ನು ಹೇಳುತ್ತದೆ. ಮಾತುಗಳ ಚರಿತ್ರೆಯನ್ನು ಹುಡುಕುವವನಿಗೆ ಮಾತ್ರ ದಾಖಲೆಯ ಒಂದು ಪುಟ ಹರಿದುಹೋದಂತೆ. ಪುಣ್ಯಕ್ಕೆ ಅದರ ಪ್ರತಿ ನೆರೆಮನೆಯಲ್ಲಿ ಉಳಿದಿದೆ. ನಮ್ಮ ಭದ್ರಾವತಿಯ ಹುಡುಗ ಅದನ್ನು ತಾಯಿಯ ಬಾಯಿಂದ ಕಲಿತಿದ್ದನು. ನಾನು ನಿಘಂಟಿನಿಂದ ಕಲಿಯಬೇಕಾಯಿತು.

ಈ ಅಕ್ಷರಕ್ಕೆ ಇನ್ನೊಂದು ವಿಚಿತ್ರವಾದ ದುರ್ದೆಸೆಯೂ ಒದಗಿತು. ಗಣಕಯಂತ್ರಗಳಿಗಾಗಿ ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ ೞಕಾರಕ್ಕೂ ಸ್ಥಾನ ದೊರೆತಿದೆ. ಆದರೆ ಹೆಸರನ್ನು ದಾಖಲಿಸುವಾಗ ತಪ್ಪಾಗಿ ಅದನ್ನು ‘ಕನ್ನಡದ ಫ ಅಕ್ಷರ’ ಎಂದು ಬರೆದುಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಾಯಿಸಬಾರದೆಂಬುದು ಆ ವ್ಯವಸ್ಥೆಯ ಕಟ್ಟುನಿಟ್ಟಾದ ನಿಯಮ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ತಿದ್ದುಪಡಿಯಾಗಿ ಬೇರೊಂದು ಪಟ್ಟಿಯಲ್ಲಿ ಸೇರಿದೆ. ಕೇಶಿರಾಜನು ಇದ್ದಿದ್ದರೆ ಏನೆನ್ನುತ್ತಿದ್ದನೋ!

ಮುಂದಿನ ವಾರ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು, ಕಪ್ಪುಹಲಗೆಯ ಮೇಲೆ ಪೊೞೆ, ಪೊಳೆ ಎಂಬ ಎರಡನ್ನೂ ಬರೆದು ತೋರಿಸಿದೆ. ಹೊನ್ನೂರಿನ ವಿಚಾರವಾಗಿ ತಕರಾರಿಲ್ಲ, ಹೊನ್ನು ಎಂಬುದು ಹಳಗನ್ನಡದ ‘ಪೊನ್’, ತಮಿಳು ಮಲಯಾಳಗಳಲ್ಲಿಯೂ ‘ಪೊನ್’ ಎಂದರೆ ಚಿನ್ನವೇ ಎಂದು ಧೈರ್ಯವಾಗಿ ಮುಗಿಸಿದೆ. ಹಿಂದಿನ ಬೆಂಚಿನಿಂದ ತಮಿಳು ಮನೆಮಾತಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ನಮ್ಮ ಮನೆಯಲ್ಲಿ ಹೆಣ್ಣುಮಗುವಿಗೆ ಪೊಣ್ಣು ಎನ್ನುತ್ತಾರೆ. ಅದೂ ಚಿನ್ನವೇ ಏನು?” ಈ ಸಲ ನಾನು ಅವಸರಪಡಲಿಲ್ಲ. ‘ಣ’ವೋ ‘ನ’ವೋ ಎಂದು ಕೇಳಿದೆ. ‘ಣ’ ಎಂದಳು. ಹಾಗಾದರೆ ಅದು ಬರೆಯುವ ತಮಿಳಿನ ‘ಪೆಣ್’, ನಮ್ಮ ಹೆಣ್ಣು; ಚಿನ್ನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದೆ. ಹುಡುಗಿಯು ಕುಳಿತಳು, ಉತ್ತರ ಅವಳಿಗೆ ಅಷ್ಟಾಗಿ ಹಿಡಿಸಿದಂತೆ ಕಾಣಲಿಲ್ಲ.